ಹಳೆಯ ಮನೆಯ ಹಿತ್ತಲು: ಚಳಿಗಾಲದ ನಾಲ್ಕು ತಿಂಗಳ ಲೆಕ್ಕ

ಹಿಂಗಾರಿ ಮಳೆ ನಿಂತು, ಗೋಡೆಯ ಹಸಿ ಆರಿ, ನಸುಕಿನಲ್ಲಿ ಬಚ್ಚಲ ಒಲೆಗೆ ಉರಿ ಹಾಕುವ ದಿನಗಳು ಬಂದವೆಂದರೆ ನಮ್ಮ ಬೆಳಗಾವಿ ಜಿಲ್ಲೆಯ ಊರುಗಳಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು, ಹೊಲದಲ್ಲಿ ಕಬ್ಬು ಕಡಿಯುವುದು. ಇನ್ನೊಂದು, ಊರೊಳಗೆ ಮನೆ ರಿಪೇರಿ. ಮದುವೆಗಳ ಕಾಲವೂ ಇದೇ. ಗೌಂಡಿ ಬರುತ್ತಾನೆ, ಮರಳು ಬೀಳುತ್ತದೆ, ಸಿಮೆಂಟಿನ ಚೀಲಗಳು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತವೆ. ಗೋಡೆ ಮುಗಿದ ಮೇಲೆ ಉಳಿದ ಸಿಮೆಂಟು ಎಲ್ಲಿಗೆ ಹೋಗಬೇಕು? ಹಿತ್ತಲಿಗೆ ಹೋಗುತ್ತದೆ. ಮಣ್ಣು ಮುಚ್ಚುತ್ತದೆ, ಕಸ ಗುಡಿಸುವುದು ಸುಲಭವಾಯಿತು ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ದಾಳಿಂಬೆ ಒಣಗಿದಾಗ, ‘ಅದಕ್ಕೂ ವಯಸ್ಸಾಗಿತ್ತು ಬಿಡಿ’ ಎನ್ನುತ್ತಾರೆ.

ನಮ್ಮ ಭಾಗದ ಹಳೆಯ ಮನೆಗಳ ಹಿತ್ತಲುಗಳು ಬಹುಪಾಲು ಹೀಗೆಯೇ ಹೋಗಿವೆ. ಬೇಸಿಗೆಯ ಬಿಸಿಲು, ನದಿಯ ಮಹಾಪೂರ ಅವುಗಳನ್ನು ಹಾಳು ಮಾಡಿದ್ದಕ್ಕಿಂತ ಚಳಿಗಾಲದ ಒಂದು ವಾರದ ನಿರ್ಧಾರ ಹೆಚ್ಚು ಹಾಳು ಮಾಡಿದೆ. ಹಾಗೆಂದೇ ಈ ತಿಂಗಳು ಅಡುಗೆ, ಆರೋಗ್ಯದ ಮಾತು ಬದಿಗಿಟ್ಟು ಹಿತ್ತಲಿನ ಮಾತು ಆಡೋಣ.

ಅರಮನೆಗೆ ಮಾತ್ರವೇ ಇತಿಹಾಸ?

‘ಐತಿಹಾಸಿಕ ತೋಟ’ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಶ್ರೀನಗರದ ಶಾಲಿಮಾರ್, ಸ್ಪೇನಿನ ಅಲ್ ಹಂಬ್ರಾ, ಅಥವಾ ವಿಜಯಪುರದ ಇಬ್ರಾಹೀಂ ರೋಜಾದ ಅಂಗಳ. ಅಲ್ಲಿ ಕೂಲಿಯಾಳುಗಳಿದ್ದಾರೆ, ಸರಕಾರದ ದುಡ್ಡಿದೆ. ಸ್ಮಾರಕಗಳ ಸಂರಕ್ಷಣೆಗಾಗಿ ದುಡಿಯುವ ಅಂತಾರಾಷ್ಟ್ರೀಯ ಸಂಸ್ಥೆ ಐಕೊಮೊಸ್ 1981ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಐತಿಹಾಸಿಕ ತೋಟಗಳಿಗಾಗಿಯೇ ಒಂದು ಸನದು ಸಿದ್ಧಪಡಿಸಿತು. ಅದರಲ್ಲಿ ತೋಟವನ್ನು ಜೀವಂತ ಸ್ಮಾರಕ ಎಂದು ಪರಿಗಣಿಸಲಾಗಿದೆ. ಕಲ್ಲಿನ ಕಟ್ಟಡವನ್ನು ಬೀಗ ಹಾಕಿ ಹತ್ತು ವರ್ಷ ಬಿಟ್ಟರೂ ಅದು ನಿಂತಿರುತ್ತದೆ. ತೋಟ ಹಾಗಲ್ಲ, ಅದನ್ನು ದಿನನಿತ್ಯ ನೋಡಿಕೊಂಡರೆ ಮಾತ್ರ ಉಳಿಯುತ್ತದೆ. ಸತ್ತ ಗಿಡದ ಜಾಗದಲ್ಲಿ ಅದೇ ಜಾತಿಯ ಗಿಡ ನೆಟ್ಟರೆ ಮಾತ್ರ ತೋಟ ಅದೇ ತೋಟವಾಗಿರುತ್ತದೆ. ಆ ಸನದು ದೊಡ್ಡ ಉದ್ಯಾನಗಳ ಜೊತೆ ಸಣ್ಣ ತೋಟಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅಂದಮೇಲೆ ನಮ್ಮ ಅಜ್ಜಿಯ ಹಿತ್ತಲು ಆ ಲೆಕ್ಕಕ್ಕೆ ಬಾರದೆ ಹೋಗಲು ಕಾರಣವಿಲ್ಲ.

ಹುಕ್ಕೇರಿಯನ್ನೇ ನೋಡಿ. ಊರಿಗೆ ಕಾಲಿಟ್ಟರೆ ಆದಿಲ್ ಶಾಹಿ ಕಾಲದ ಗುಮ್ಮಟಗಳು ಕಾಣುತ್ತವೆ. 1490ರಿಂದ 1686ರ ವರೆಗೆ ವಿಜಯಪುರದಿಂದ ಆಳಿದ ಆ ಮನೆತನದ ಸರದಾರರು ಇಲ್ಲಿ ಠಾಣ್ಯ ಮಾಡಿದ್ದರು. ಊರಿನ ಹೆಸರು ಮೊದಲು ‘ಹೂವಿನ ಕೇರಿ’ ಎಂದಿತ್ತು, ಇಲ್ಲಿಯ ಗುಲಾಬಿ ವಿಜಯಪುರದ ಅರಮನೆಗೆ ಹೋಗುತ್ತಿತ್ತು ಎಂದು ಊರವರು ಈಗಲೂ ಹೇಳುತ್ತಾರೆ. ಆ ಕಾಲದವರಿಗೆ ಹೂವಿನಷ್ಟೇ ನೀರಿನ ಚಿಂತೆಯೂ ಇತ್ತು. ವಿಜಯಪುರದಲ್ಲಿ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೆಲದಡಿಯಿಂದ ಪಟ್ಟಣಕ್ಕೆ ನೀರು ತಂದಿದ್ದರು. ಬೀದರಿನಲ್ಲಿ ಬಹಮನಿಗಳ ಕಾಲದ ನೆಲದಡಿಯ ಕಾಲುವೆ ಇಂದಿಗೂ ಇದೆ. ಮಳೆ ಕಡಿಮೆಯ ಈ ಬಯಲು ನಾಡಿನಲ್ಲಿ ಹೂವು ಬೆಳೆಯಬೇಕಾದರೆ ಮೊದಲು ನೀರಿನ ದಾರಿ ತಿಳಿದಿರಬೇಕು ಎಂಬುದು ಅವರಿಗೆ ಗೊತ್ತಿತ್ತು.

ಅರಮನೆಗಳು ಹೋದವು. ಆದರೆ ಅದೇ ಕ್ರಮ ಸಣ್ಣ ಪ್ರಮಾಣದಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳೆಯ ವಾಡೆಗಳಲ್ಲಿ, ದೊಡ್ಡ ಮನೆಗಳಲ್ಲಿ ಉಳಿಯಿತು. ಎತ್ತರದ ಗೋಡೆ, ಒಳಗೆ ಅಂಗಳ, ಮೂಲೆಯಲ್ಲಿ ಬಾವಿ, ಬಾವಿಯಿಂದ ಬಚ್ಚಲು, ಬಚ್ಚಲಿನ ನೀರು ಬಾಳೆಗೆ, ವುಝೂ ಮಾಡುವ ಕಟ್ಟೆಯ ನೀರು ಗುಲಾಬಿಗೆ. ಗೋಡೆಯ ಬದಿಗೆ ಮದರಂಗಿ, ನಡುವೆ ದಾಳಿಂಬೆ, ಬಾಗಿಲ ಹತ್ತಿರ ದುಂಡುಮಲ್ಲಿಗೆ. ಮನೆಯ ಹೆಂಗಸರು ಹೊರಗೆ ಹೋಗದಿದ್ದ ಕಾಲದಲ್ಲಿ ಗಾಳಿ, ಬಿಸಿಲು, ಮಾತು, ಕೆಲಸ ಎಲ್ಲವೂ ಅವರಿಗೆ ಸಿಕ್ಕಿದ್ದು ಆ ಹಿತ್ತಲಿನಲ್ಲಿ. ಆ ಹಿತ್ತಲನ್ನು ಬೆಳೆಸಿದವರ ಹೆಸರು ಯಾವ ಉತಾರೆಯಲ್ಲೂ ಇಲ್ಲ. ಗಿಡಗಳಲ್ಲಿ ಮಾತ್ರ ಇದೆ.

ನಮ್ಮ ಚಳಿಗಾಲ ನಿದ್ದೆಯ ಕಾಲವಲ್ಲ

ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕ ಓದಿದರೆ ಚಳಿಗಾಲವೆಂದರೆ ಹಿಮ, ಗಿಡಗಳಿಗೆ ನಿದ್ದೆ, ಮಾಲಿಗೆ ಬಿಡುವು. ನಮ್ಮಲ್ಲಿ ಹಾಗಿಲ್ಲ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗಿನ ನಾಲ್ಕು ತಿಂಗಳಲ್ಲಿ ರಾತ್ರಿ ಚಳಿ, ಹಗಲು ಬಿಸಿಲು, ಗಾಳಿ ಒಣ. ಕೆಲವು ಗಿಡಗಳು ಎಚ್ಚರಾಗುತ್ತವೆ, ಕೆಲವು ಮಲಗುತ್ತವೆ. ಯಾವುದು ಯಾವುದೆಂದು ತಿಳಿಯದೆ ಎಲ್ಲಕ್ಕೂ ಒಂದೇ ಕತ್ತರಿ, ಒಂದೇ ಕೊಡ ನೀರು ಹಾಕಿದರೆ ಕೇಡಾಗುತ್ತದೆ.

ಗುಲಾಬಿ: ಎಚ್ಚರಾಗುವವರಲ್ಲಿ ಮೊದಲನೆಯದು. ಮಳೆ ನಿಂತ ಮೇಲೆ, ಅಕ್ಟೋಬರ್ ಎರಡನೇ ಅಥವಾ ಮೂರನೇ ವಾರದಲ್ಲಿ ಸವರಿದರೆ ಸುಮಾರು 45ರಿಂದ 50 ದಿನಕ್ಕೆ ಹೂ. ಮೊದಲು ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವ ಟೊಂಗೆಗಳನ್ನು ತೆಗೆಯಿರಿ. ಉಳಿದದ್ದನ್ನು ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ನರ್ಸರಿಯ ಕಸಿ ಗುಲಾಬಿಯನ್ನು ಅರ್ಧದಷ್ಟು ಕತ್ತರಿಸಬಹುದು. ಆದರೆ ಅಜ್ಜಿಯ ಕಾಲದ ದೇಸಿ ಗುಲಾಬಿ, ಪನ್ನೀರು ಗುಲಾಬಿಗಳನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಇಲ್ಲಿ ಇನ್ನೊಂದು ಮಾತು. ಕಸಿ ಗುಲಾಬಿಯಲ್ಲಿ ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ಕಾಡುಗುಲಾಬಿಯದು, ಅದನ್ನು ತೆಗೆಯಬೇಕು. ಟೊಂಗೆ ಊರಿ ಬೆಳೆಸಿದ ಹಳೆಯ ಗಿಡಕ್ಕೆ ಕಸಿ ಗಂಟೇ ಇರುವುದಿಲ್ಲ. ಅದರ ಬುಡದಿಂದ ಬರುವ ಚಿಗುರುಗಳು ಅದರ ಸ್ವಂತ ಮಕ್ಕಳು. ನರ್ಸರಿಯವರ ಮಾತು ಕೇಳಿ ಅವುಗಳನ್ನು ಕಿತ್ತರೆ ಹಳೆಯ ಗಿಡ ಹೊಸದಾಗುವ ದಾರಿಯನ್ನೇ ಮುಚ್ಚಿದಂತೆ.

ಸವರಿದ ಮೇಲೆ ಬುಡದ ಮಣ್ಣನ್ನು ಕುರ್ಪಿಯಿಂದ ಎರಡು ಇಂಚು ಮಾತ್ರ ಸಡಿಲಿಸಿ, ಒಂದು ಪುಟ್ಟಿ ಕೊಳೆತ ತಿಪ್ಪೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ರಾತ್ರಿ ಚಳಿ, ಹಗಲು ಬಿಸಿಲಿನ ಈ ಹವೆಯಲ್ಲಿ ಎಲೆಗಳ ಮೇಲೆ ಬಿಳಿ ಬೂದಿ ರೋಗ ಬರುತ್ತದೆ. ನೀರನ್ನು ಸಂಜೆ ಎಲೆಯ ಮೇಲೆ ಸುರಿಯದೆ ಬೆಳಗ್ಗೆ ಬುಡಕ್ಕೆ ಹಾಕುವುದೇ ಅರ್ಧ ಔಷಧ. ಹಾಗೂ ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಬಿಸಿಲು ಏರುವ ಮೊದಲು ಸಿಂಪಡಿಸಬಹುದು. ಗುಲ್ಕಂದ್ ಮಾಡುವ ಗಿಡಕ್ಕೆ ಮಾತ್ರ ಯಾವ ಔಷಧವೂ ಬೇಡ.

ದುಂಡುಮಲ್ಲಿಗೆ, ಜಾಜಿ: ಇವು ಮಲಗುವವು. ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ. ಎಲೆ ಹಳದಿಯಾದರೆ ಹೆದರಬೇಡಿ. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ದುಂಡುಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಗೆ ಸವರಿ, ಆಮೇಲೆ ಗೊಬ್ಬರ ಹಾಕಿ ನೀರು ಶುರು ಮಾಡಿ. ಮಾರ್ಚಿನಲ್ಲಿ ಮೊಗ್ಗು ನಿಮ್ಮ ಬಾಗಿಲಿಗೆ ಬರುತ್ತದೆ. ‘ನಮ್ಮ ಮಲ್ಲಿಗೆ ಎಲೆಯನ್ನೇ ಬಿಡುತ್ತದೆ, ಹೂ ಬಿಡುವುದಿಲ್ಲ’ ಎನ್ನುವವರು ಹೆಚ್ಚಾಗಿ ಚಳಿಗಾಲವಿಡೀ ಪ್ರೀತಿಯಿಂದ ನೀರು ಹಾಕಿದವರು.

ಮದರಂಗಿ: ಇದು ಸೆಕೆಯ ಗಿಡ. ಚಳಿಗೆ ಎಲೆ ಉದುರಿಸುತ್ತದೆ, ಉಳಿದ ಎಲೆಯಲ್ಲೂ ಬಣ್ಣ ಕಡಿಮೆ. ಜನವರಿಯ ಮದುವೆಗೆ ಮನೆಯ ಎಲೆ ಬೇಕೆಂದರೆ ಅಕ್ಟೋಬರಿನಲ್ಲೇ ಕೊಯ್ದು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿಡಿ. ಬೇಲಿಯನ್ನು ಕತ್ತರಿಸುವುದು ಫೆಬ್ರವರಿ ಕೊನೆಗೆ, ಸೆಕೆ ಏರುವಾಗ.

ದಾಳಿಂಬೆ, ಸೀತಾಫಲ: ಸೀತಾಫಲ ಚಳಿ ಮುಗಿಯುವ ಹೊತ್ತಿಗೆ ಬರಿ ಕಡ್ಡಿಯಾಗಿ ನಿಲ್ಲುತ್ತದೆ. ಸತ್ತಿತೆಂದು ಅದನ್ನು ಕಡಿಯುವವರು ಬಹಳ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ಬದುಕಿದೆ. ದಾಳಿಂಬೆಗೂ ಡಿಸೆಂಬರಿನಲ್ಲಿ ನೀರು ತಗ್ಗಿಸಿ, ಒಣ ಟೊಂಗೆ ತೆಗೆದು, ಜನವರಿ ಕೊನೆಗೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಹೂ ಒಟ್ಟಿಗೆ ಬರುತ್ತದೆ. ನಮ್ಮ ಉತ್ತರ ಕರ್ನಾಟಕ, ಮಹಾರಾಷ್ಟ್ರದ ದಾಳಿಂಬೆ ಬೆಳೆಗಾರರು ‘ಅಂಬೆ ಬಹಾರ’ ಎಂದು ಮಾಡುವುದೂ ಇದನ್ನೇ.

ಮಾವು: ಹಿತ್ತಲಿನಲ್ಲಿ ಹಳೆಯ ಮಾವು ಇದ್ದರೆ ಡಿಸೆಂಬರ್‌ನಿಂದ ಅದು ಹೂ ಕಟ್ಟುತ್ತದೆ. ಹೂವಿಗೆ ಮುಂಚಿನ ಒಂದೆರಡು ತಿಂಗಳು ನೀರು ಬೇಡ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಕೊಡಿ.

ಸೊಪ್ಪಿನ ಮಡಿ: ಈಗಿನ ವರ್ಷಗಳಲ್ಲಿ ರಮಝಾನ್ ಚಳಿಗಾಲದ ಕೊನೆಯ ಹೊತ್ತಿಗೆ ಬರುತ್ತಿದೆ. ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಇನ್ನೂ ಚಳಿಗೇ ಬರಲಿದೆ. ಇಫ್ತಾರಿನ ಚಟ್ನಿಗೆ ಕೊತ್ತಂಬರಿ, ಪುದೀನ ಮನೆಯದೇ ಇರಲಿ ಎಂದರೆ ಚಂದ್ರ ಕಾಣುವ 40 ದಿನ ಮೊದಲು ಕೊತ್ತಂಬರಿ ಬಿತ್ತಿ. ಹದಿನೈದು ದಿನ ಬಿಟ್ಟು ಇನ್ನೊಂದು ಮಡಿ ಬಿತ್ತಿ. ಮೆಂತ್ಯ 25-30 ದಿನಕ್ಕೆ ಬರುತ್ತದೆ.

ನೀರು: ವುಝೂ ಕಟ್ಟೆಯಿಂದ ಗುಲಾಬಿಗೆ

ಚಳಿಗಾಲದಲ್ಲಿ ಗಿಡಕ್ಕೆ ನೀರು ಕಡಿಮೆ ಸಾಕು. ನಮ್ಮ ಎರೆಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಬೆರಳನ್ನು ಮಣ್ಣಿನಲ್ಲಿ ಎರಡು ಇಂಚು ಇಳಿಸಿ. ತಂಪಿದ್ದರೆ ನೀರು ಬೇಡ. ದೊಡ್ಡ ಗುಲಾಬಿಗೆ ವಾರಕ್ಕೊಮ್ಮೆ, ಮಸಾರಿ ಮಣ್ಣಾದರೆ ಎರಡು ಸಲ, ಬುಡ ತುಂಬ ಹಾಕಿದರೆ ಸಾಕು. ದಿನಾಲೂ ಒಂದು ತಂಬಿಗೆ ಹಾಕುವುದು ಗಿಡಕ್ಕೆ ಉಪಕಾರವಲ್ಲ, ಬೇರು ಮೇಲೆಯೇ ಉಳಿದು ಬೇಸಿಗೆಯಲ್ಲಿ ಸುಡುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡಿ. ಮನೆಯಲ್ಲಿ ನಮಾಝ್ ಮಾಡುವವರು ಐದು ಜನ. ಐದು ಹೊತ್ತು. ತಂಬಿಗೆಯಿಂದ ವುಝೂ ಮಾಡಿದರೆ ಒಬ್ಬರಿಗೆ ಒಂದು ಲೀಟರ್ ಎಂದುಕೊಂಡರೂ ದಿನಕ್ಕೆ 25 ಲೀಟರ್. ಸಾಬೂನಿಲ್ಲದ ಶುದ್ಧ ನೀರು. ವಾರಕ್ಕೆ 175 ಲೀಟರ್. ಒಂದು ಹಳೆಯ ಹಿತ್ತಲಿನ ಹೂಗಿಡಗಳಿಗೆಲ್ಲ ಚಳಿಗಾಲದಲ್ಲಿ ಇಷ್ಟು ಸಾಕು. ಹರಿಯುವ ಹೊಳೆಯ ದಂಡೆಯಲ್ಲಿ ಕೂತಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಹಿರಿಯರು ವುಝೂ ಕಟ್ಟೆಯನ್ನು ಗುಲಾಬಿಯ ಪಾತಿಯ ಮಗ್ಗುಲಿಗೇ ಕಟ್ಟಿದ್ದು ಸುಮ್ಮನೆ ಅಲ್ಲ. ನಲ್ಲಿ ಬಂದ ಮೇಲೆ ಕಟ್ಟೆ ಒಳಗೆ ಹೋಯಿತು, ನೀರು ಗಟಾರಕ್ಕೆ ಹೋಯಿತು. ನಲ್ಲಿಯ ಕೆಳಗೊಂದು ಬುಟ್ಟಿ ಇಟ್ಟರೂ ಆ ಹಳೆಯ ದಾರಿ ಮತ್ತೆ ತೆರೆಯುತ್ತದೆ. ಸಾಬೂನಿನ ಬಚ್ಚಲ ನೀರನ್ನು ಮಾತ್ರ ಗುಲಾಬಿಗೆ, ಪುದೀನಕ್ಕೆ ಬಿಡಬೇಡಿ. ಅದು ಬಾಳೆಗೆ, ಕಾಬಾಳೆಗೆ ಹೋಗಲಿ.

ಈ ತಿಂಗಳುಗಳಲ್ಲಿ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುತ್ತಾರೆ. ಒಂದೆರಡು ಹೊರೆ ತರಿಸಿ ಗಿಡದ ಬುಡದಲ್ಲಿ ಮೂರು ಇಂಚು ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಎರೆಮಣ್ಣು ಬಿರಿಯುವುದಿಲ್ಲ, ನೀರು ಆರುವುದಿಲ್ಲ, ಮುಂದಿನ ಮಳೆಗೆ ಅದೇ ಗೊಬ್ಬರ. ರವದಿ ರಾಶಿಗೆ, ಕಲ್ಲಿನ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕದಲಿಸಿ. ಚಳಿಯಲ್ಲಿ ಹಾವುಗಳು ಬೆಚ್ಚಗಿನ ಜಾಗ ಹುಡುಕುತ್ತವೆ.

ಗೋಡೆ ಮತ್ತು ಬಾವಿ

ಹಳೆಯ ಮನೆಯ ಹಿತ್ತಲೆಂದರೆ ಗಿಡದ ಜೊತೆ ಗೋಡೆಯೂ ಸೇರಿದೆ. ಮಳೆಗಾಲದಲ್ಲಿ ಹಕ್ಕಿ ತಂದ ಅರಳಿ, ಆಲದ ಸಸಿಗಳು ಕಲ್ಲಿನ ಸಂದಿಯಲ್ಲಿ ಹುಟ್ಟಿರುತ್ತವೆ. ಮಣ್ಣು ಇನ್ನೂ ಸ್ವಲ್ಪ ಹಸಿಯಿರುವಾಗಲೇ, ನವೆಂಬರಿನೊಳಗೆ, ಬೇರು ಸಮೇತ ಕೀಳಿ. ಮೇಲಷ್ಟೇ ಕತ್ತರಿಸಿದರೆ ಬೇರು ದಪ್ಪವಾಗಿ ಗೋಡೆ ಸೀಳುತ್ತದೆ. ಕಿತ್ತ ಸಂದಿಗೆ ಸುಣ್ಣದ ಗಚ್ಚನ್ನೇ ತುಂಬಿಸಿ. ಮಣ್ಣು, ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿದ ಹಸಿಯನ್ನು ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಹಸಿ ಒಳಗೇ ಉಳಿದು ಗೋಡೆ ಒಳಗಿನಿಂದ ಸವೆಯುತ್ತದೆ. ಮಣ್ಣಿನ ಗೋಡೆಗೆ ಒತ್ತಿ ಗಿಡ ನೆಡಬೇಡಿ, ಮೂರಡಿಯಾದರೂ ದೂರವಿರಲಿ.

ಬಾವಿಗೆ ನೀರು ಸೇದುವವರಿಲ್ಲದಿದ್ದರೂ ಅದನ್ನು ಮುಚ್ಚಬೇಡಿ. ಸವರಿದ ಮುಳ್ಳುಕಡ್ಡಿ, ಒಡೆದ ಹೆಂಚುಗಳನ್ನು ಅದಕ್ಕೆ ಹಾಕಬೇಡಿ. ಮೇಲೊಂದು ಕಬ್ಬಿಣದ ಜಾಲರಿ ಹಾಕಿಸಿದರೆ ಮಕ್ಕಳಿಗೂ ಭಯವಿಲ್ಲ.

ಮಹಾಪೂರ ಬಂದ ಹಿತ್ತಲುಗಳಿಗೆ

ಗೋಕಾಕ ಪಟ್ಟಣದವರಿಗೆ, ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳವರಿಗೆ ಬೇರೆ ಮಾತು ಹೇಳಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಒಟ್ಟಿಗೆ ಉಕ್ಕಿದಾಗ ಎಷ್ಟೋ ಹಳೆಯ ಮಣ್ಣಿನ ಮನೆಗಳು ಕುಳಿತುಹೋದವು. 2021ರ ಜುಲೈಯಲ್ಲಿ, 2024ರ ಜುಲೈಯಲ್ಲಿ ಮತ್ತೆ ನೀರು ಬಂತು. ನೀರಿಳಿದ ಮೇಲೆ ಮನೆಯೊಳಗಿನ ಕೆಸರು ತೆಗೆಯುವುದರಲ್ಲೇ ಹೆಂಗಸರ ಸೊಂಟ ಮುರಿಯುತ್ತದೆ, ಹಿತ್ತಲಿನ ನೆನಪು ಯಾರಿಗೆ ಬರುತ್ತದೆ? ಆದರೆ ಮಹಾಪೂರದ ರಾಡಿ ಗಿಡದ ಬುಡದಲ್ಲಿ ಒಣಗಿ ಗಟ್ಟಿಯಾದರೆ ಬೇರಿಗೆ ಗಾಳಿ ಹೋಗುವುದಿಲ್ಲ. ಮಳೆಗಾಲದಲ್ಲಿ ಹಸಿರಾಗಿ ಕಂಡ ಗಿಡ ಮುಂದಿನ ಬೇಸಿಗೆಯಲ್ಲಿ ಸಾಯುತ್ತದೆ.

ಹಾಗಾಗಿ ಹೊಳೆ ಬಂದ ವರ್ಷದ ಚಳಿಗಾಲದಲ್ಲಿ ಮೊದಲ ಕೆಲಸವೆಂದರೆ ಕಾಂಡದ ಸುತ್ತ ಎರಡು ಮೂರು ಅಡಿ ರಾಡಿಯನ್ನು ತೆಗೆದು, ಗಿಡದ ಹಳೆಯ ಮಣ್ಣಿನ ಮಟ್ಟ ಕಾಣುವಂತೆ ಮಾಡುವುದು. ಬೇರಿಗೆ ಪೆಟ್ಟಾಗದಂತೆ ಕೈಯಿಂದ, ಕುರ್ಪಿಯಿಂದ ತೆಗೆಯಿರಿ. ಆ ವರ್ಷ ರಾಸಾಯನಿಕ ಗೊಬ್ಬರ ಬೇಡ, ಹೆಚ್ಚು ಸವರುವುದೂ ಬೇಡ. ತೆಗೆದ ಮಣ್ಣಿನಲ್ಲಿ ಗಟಾರದ ಹೊಲಸು ಬೆರೆತಿರುತ್ತದೆ. ಅದನ್ನು ಬಿಸಿಲಿಗೆ ಹರಡಿ, ತಿಪ್ಪೆಗೊಬ್ಬರ ಸೇರಿಸಿ, ಆರು ತಿಂಗಳ ನಂತರ ಹೂಗಿಡಕ್ಕೆ ಬಳಸಿ. ಸೊಪ್ಪಿನ ಮಡಿಗೆ ಬೇಡವೇ ಬೇಡ. ಬಾವಿಯ ನೀರನ್ನೂ ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ಸಿಮೆಂಟಿನ ಮಾತು

ಮೂಡಲಗಿ ಕಡೆಯ ಒಬ್ಬ ಸಹೋದರಿ ಬರೆದಿದ್ದಾರೆ. ಜನವರಿಯಲ್ಲಿ ಅವರ ಭಾವನವರ ಮಗನ ಮದುವೆ. ಹಿತ್ತಲಿಗೆ ಪೇವರ್ ಹಾಕಿಸಿ ಅಲ್ಲೇ ಊಟದ ಪಂಕ್ತಿ ಹಾಕಬೇಕೆಂದು ಮನೆಯವರ ತೀರ್ಮಾನ. ಅತ್ತೆಯವರು ನೆಟ್ಟ ದಾಳಿಂಬೆ, ಎರಡು ಗುಲಾಬಿ, ಒಂದು ಮಲ್ಲಿಗೆ ಹಂಬು ಅಲ್ಲಿವೆ. ‘ಅತ್ತೆ ಮಂಚ ಹಿಡಿದಿದ್ದಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಕಿಟಕಿಯ ಕಡೆ ನೋಡುತ್ತಾರೆ. ಸೊಸೆಯಾದ ನಾನು ದೊಡ್ಡವರ ಮುಂದೆ ಏನೆಂದು ಹೇಳಲಿ ಆಪಾ?’ ಎಂದು ಕೇಳಿದ್ದಾರೆ.

ತಂಗೀ, ಜಗಳ ಮಾಡಬೇಡಿ. ಲೆಕ್ಕ ಹೇಳಿ. ಗಂಡಸರು ಲೆಕ್ಕ ಕೇಳುತ್ತಾರೆ. ಸಾವಿರ ಚದರ ಅಡಿಯ ಹಿತ್ತಲಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 930 ಲೀಟರ್ ನೀರು. ಮಣ್ಣಿದ್ದರೆ ಅದರಲ್ಲಿ ಬಹಳಷ್ಟು ನಿಮ್ಮ ಬಾವಿಗೆ, ನಿಮ್ಮ ಬೋರಿಗೆ ಇಳಿಯುತ್ತದೆ. ಸಿಮೆಂಟಿದ್ದರೆ ಹಳೆಯ ಗೋಡೆಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಮಣ್ಣಿನ ಗೋಡೆಯ ಬುಡದಲ್ಲಿ ನೀರು ನಿಂತರೆ ಮುಂದೆ ಏನಾಗುತ್ತದೆಂದು 2019ನ್ನು ಕಂಡ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾದ ಸಿಮೆಂಟು ರಾತ್ರಿಯೆಲ್ಲ ಆ ಬಿಸಿಯನ್ನು ಅತ್ತೆಯವರ ಕಿಟಕಿಗೇ ಕೊಡುತ್ತದೆ.

ಪಂಕ್ತಿಗೆ ಸಮತಟ್ಟಾದ ನೆಲ ಬೇಕು, ಅಷ್ಟೇ ತಾನೆ? ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಧಮ್ಮಸ್ಸು ಹೊಡೆದು, ಜಮಖಾನೆ ಹಾಸಿದರೆ ನೂರು ಮದುವೆ ನಡೆದಿವೆ. ಇಲ್ಲ, ಕಲ್ಲೇ ಬೇಕೆಂದರೆ ನಡೆಯುವ ದಾರಿಗೆ ಮಾತ್ರ ಕಲ್ಲು ಹಾಸಿ. ಕೆಳಗೆ ಸಿಮೆಂಟಿಲ್ಲದೆ ಉಸುಕಿನ ಮೇಲೆ ಕೂರಿಸಿ, ಸಂದಿಯನ್ನು ಮಣ್ಣಿಗೇ ಬಿಡಿ. ಪ್ರತಿ ಗಿಡದ ಸುತ್ತ ನಾಲ್ಕಡಿ ಅಗಲ ತೆರೆದಿರಲಿ. ದೊಡ್ಡ ಮರವಿದ್ದು ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಬೇಕೆಂದು ಹೇಳಿ. ಇಷ್ಟೆಲ್ಲ ಹೇಳಿದ ಮೇಲೆ ಕೊನೆಯ ಮಾತನ್ನು ಅತ್ತೆಯವರ ಬಾಯಿಂದಲೇ ಹೇಳಿಸಿ. ಮಕ್ಕಳು ಅವರ ಮಂಚದ ಹತ್ತಿರ ಕೂತು, ‘ಅಮ್ಮಾ, ಹಿತ್ತಲಿಗೆ ಏನು ಮಾಡೋಣ?’ ಎಂದು ಒಮ್ಮೆ ಕೇಳಲಿ. ಕೇಳದೆ ಮಾಡಿದ ಕೆಲಸದಲ್ಲಿ ಬರಕತ್ ಇರುವುದಿಲ್ಲ.

ಟೊಂಗೆಯೂ ಪಾಲೂ

ಹಳೆಯ ಹಿತ್ತಲುಗಳಿಗೆ ಸಿಮೆಂಟಿಗಿಂತ ದೊಡ್ಡ ಆಪತ್ತು ಪಾಲಿನದು. ಮೂವರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಹಿತ್ತಲಿನ ನಡುವೆ ಗೋಡೆ ಏಳುತ್ತದೆ. ಬಾವಿ ಒಬ್ಬನಿಗೆ, ಗುಲಾಬಿ ಇನ್ನೊಬ್ಬನಿಗೆ, ಇಬ್ಬರಿಗೂ ನೀರಿಲ್ಲ. ಸಾಧ್ಯವಿದ್ದರೆ ಕೋಣೆಗಳನ್ನು ಹಂಚಿಕೊಂಡು ಬಾವಿಯನ್ನೂ ಹಿತ್ತಲನ್ನೂ ಜಂಟಿಯಾಗಿ ಉಳಿಸಿ, ಹಾಗೆಂದು ಕಾಗದದಲ್ಲಿ ಬರೆಸಿ.

ಹೆಣ್ಣುಮಕ್ಕಳ ಮಾತು ಬೇರೆ. ಆ ಹಿತ್ತಲಿಗೆ ಹೆಚ್ಚು ಕೊಡ ಹೊತ್ತವರು ಅವರು. ತವರಿಗೆ ಬಂದಾಗ ಒಂದು ಗುಲಾಬಿ ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಅದು ಒಳ್ಳೆಯದೇ. ಅದಕ್ಕೂ ಇದೇ ಕಾಲ. ಅಕ್ಟೋಬರಿನಲ್ಲಿ ಸವರಿದ ಗುಲಾಬಿಯ ಪೆನ್ಸಿಲ್ ದಪ್ಪದ ಟೊಂಗೆಗಳನ್ನು ಏಳೆಂಟು ಇಂಚಿಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣು, ಉಸುಕು ಬೆರೆಸಿದ ಕುಂಡದಲ್ಲಿ ಊರಿ ನೆರಳಲ್ಲಿಡಿ. ಚಿಗುರಿದ್ದನ್ನು ನೋಡಿ ಅವಸರ ಮಾಡಬೇಡಿ, ಬೇರು ಬರಲು ಒಂದೂವರೆ ಎರಡು ತಿಂಗಳು ಬೇಕು. ಎಲೆಯುದುರಿದ ದಾಳಿಂಬೆಯ ಬಲಿತ ಟೊಂಗೆಯನ್ನು ಜನವರಿಯಲ್ಲಿ ಹೀಗೆಯೇ ಊರಬಹುದು. ಪ್ರತಿ ಹಳೆಯ ಗಿಡದಿಂದ ನಾಲ್ಕು ಟೊಂಗೆ ಊರಿ, ಎರಡನ್ನು ಬೇರೆ ಮನೆಗೆ ಕೊಡಿ. ನಿಮ್ಮ ಮನೆಯಲ್ಲಿ ಗಿಡ ಸತ್ತ ದಿನ ಅದೇ ಗಿಡ ಮಗಳ ಮನೆಯಿಂದ ಮರಳಿ ಬರಬಹುದು. ಹಳೆಯ ತೋಟ ಉಳಿಸುವುದಕ್ಕೆ ಇದಕ್ಕಿಂತ ಖರ್ಚಿಲ್ಲದ, ಇದಕ್ಕಿಂತ ಗಟ್ಟಿಯಾದ ಉಪಾಯ ನನಗೆ ಗೊತ್ತಿಲ್ಲ.

ಆದರೆ ಅಣ್ಣತಮ್ಮಂದಿರೇ, ಟೊಂಗೆ ಕೊಟ್ಟು ಪಾಲು ಮುಗಿಯಿತೆಂದು ತಿಳಿಯಬೇಡಿ. ತಂದೆತಾಯಿ ಬಿಟ್ಟುಹೋದದ್ದು ಸ್ವಲ್ಪವಿರಲಿ, ಬಹಳವಿರಲಿ, ಅದರಲ್ಲಿ ಹೆಣ್ಣಿಗೆ ನಿಗದಿಯಾದ ಹಿಸ್ಸೆ ಇದೆ ಎಂದು ಕುರ್‌ಆನ್ ಸ್ಪಷ್ಟವಾಗಿ ತಿಳಿಸಿದೆ. ಹಿತ್ತಲೂ ಆ ಬಿಟ್ಟುಹೋದದ್ದರಲ್ಲಿ ಸೇರಿದೆ. ನಾಲ್ಕು ಜನರ ಮುಂದೆ ಕೂರಿಸಿ, ‘ಅಕ್ಕ ಏನೂ ಬೇಡವೆಂದಳು’ ಎಂದು ಸಹಿ ಮಾಡಿಸಿಕೊಳ್ಳುವ ಮನೆಗಳಲ್ಲಿ ಆ ಅಕ್ಕ ಮುಂದೆ ಹಿತ್ತಲಿನ ಬಾಗಿಲು ತೆರೆಯಲೂ ಹಿಂಜರಿಯುತ್ತಾಳೆ. ಗುಲಾಬಿಯ ಟೊಂಗೆ ಪ್ರೀತಿಯ ಕಾಣಿಕೆ, ಪಾಲು ಆಕೆಯ ಹಕ್ಕು. ಎರಡನ್ನೂ ಕೊಡಿ.

ಸಹೋದರಿಯರೇ, ಈ ವಾರವೇ ಒಂದು ಕೆಲಸ ಮಾಡಿ. ಮಕ್ಕಳಿಗೆ ನೋಟ್‌ಬುಕ್ ಕೊಟ್ಟು ಹಿತ್ತಲಿಗೆ ಕರೆದುಕೊಂಡು ಹೋಗಿ. ಯಾವ ಗಿಡ, ಯಾರು ನೆಟ್ಟರು, ಎಲ್ಲಿಂದ ತಂದರು, ಯಾವ ತಿಂಗಳು ಹೂ ಬಿಡುತ್ತದೆ ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆಸಿ. ಬಾವಿ ಎಲ್ಲಿದೆ, ನೀರು ಹರಿಯುವ ದಾರಿ ಯಾವುದು ಎಂದು ಒಂದು ನಕ್ಷೆ ಬರೆಸಿ. ಹೇಳುವವರು ಇರುವಾಗಲೇ ಬರೆಸಿ. ಅಕ್ಟೋಬರಿನಲ್ಲಿ ಗುಲಾಬಿ, ನವೆಂಬರಿನಲ್ಲಿ ಗೋಡೆ, ಡಿಸೆಂಬರಿನಲ್ಲಿ ರವದಿ, ಜನವರಿಯಲ್ಲಿ ಮಲ್ಲಿಗೆ, ಫೆಬ್ರವರಿಯಲ್ಲಿ ಮದರಂಗಿ. ವಾರಕ್ಕೆ ಎರಡು ತಾಸು ಸಾಕು. ಹಿತ್ತಲು ನಮ್ಮ ಕೈಗೆ ಬಂದ ಅಮಾನತ್. ನೆಟ್ಟವರು ಅದರ ಹಣ್ಣು ತಿಂದು ಮುಗಿಸಿ ಹೋಗಲಿಲ್ಲ, ನಮಗೂ ಬಿಟ್ಟು ಹೋದರು.